ಕ್ಯಾಂಪಿಂಗ್ ಟ್ರೇಲರಿನ ಎಡಗಡೆ ಟೈರ್ ಎರಡು ಸಲ ಒಡೆಯಿತು, ಹೊಸದು ಯಾವುದು ಹಾಕಿಸಲಿ?

ಗಾಲಿಮನೆ, ಕಲಬುರಗಿ

ಎಲ್ಲರಿಗೂ ಶರಣು.

ನನ್ನ ಹತ್ತಿರ ಬೊಲೆರೊ ಹಿಂದೆ ಕಟ್ಟುವ ಸಣ್ಣ ಕ್ಯಾಂಪಿಂಗ್ ಟ್ರೇಲರ್ ಇದೆ. ಒಂದೇ ಆಕ್ಸಲ್, ಎರಡು ಗಾಲಿ. ಒಳಗೆ ಇಬ್ಬರು ಮಲಗಬಹುದು. ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. 2022ರಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡೆ. ವರ್ಷಕ್ಕೆ ನಾಲ್ಕೈದು ಸಲ ಹೊರಗೆ ತೆಗೆಯುತ್ತೇವೆ. ಚಂದ್ರಂಪಳ್ಳಿ ಡ್ಯಾಂ, ಬೀದರ್, ಬಸವಕಲ್ಯಾಣ, ಹೀಗೆ. ಉಳಿದ ದಿನವೆಲ್ಲ ಮನೆ ಮುಂದೆ ಶಹಾಬಾದ್ ಫರಸಿ ಮೇಲೆ ಬಿಸಿಲಿನಲ್ಲಿ ನಿಂತಿರುತ್ತದೆ.

ಹೋದ ವರ್ಷ ಚಿಂಚೋಳಿ ದಾರಿಯಲ್ಲಿ ಎಡಗಡೆ ಟೈರ್ ಒಡೆಯಿತು. ಕಲ್ಲು ಬಡಿದಿರಬೇಕು ಅಂದುಕೊಂಡು ಸ್ಟೆಪ್ನಿ ಹಾಕಿಕೊಂಡು ಬಂದೆ. ಈ ಸಲ, 2025ರ ಯುಗಾದಿ ರಜೆ ಮುಗಿಸಿ ಬೀದರ್‌ನಿಂದ ವಾಪಸ್ ಬರುವಾಗ, ಕಮಲಾಪುರದ ಹತ್ತಿರ ಮತ್ತೆ ಅದೇ ಎಡಗಡೆ. ಕೆಂಪು ಬಾಳೆಹಣ್ಣು ತಗೊಳ್ಳೋಣ ಅಂತ ವೇಗ ಇಳಿಸಿದ್ದೆ, ಅದಕ್ಕೇ ಬಚಾವ್. ಟೈರಿನ ಚೂರು ಬಡಿದು ಮಡ್‌ಗಾರ್ಡ್ ಹರಿದಿದೆ, ನೀರಿನ ಪೈಪ್ ಕಿತ್ತುಹೋಗಿದೆ. ಮಕ್ಕಳಿಬ್ಬರೂ ಬೊಲೆರೊದಲ್ಲಿದ್ದರು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಟೈರ್ ಮೇಲೆ 155/80 ಆರ್13 79ಟಿ ಅಂತ ಇದೆ. ಕಾರಿನ ಟ್ಯೂಬ್‌ಲೆಸ್ ಟೈರ್. ಹವಾ 30 ಪಿಎಸ್‌ಐ ಇಡುತ್ತೇನೆ. ಟ್ರೆಡ್ ಹೊಸದರಂತೆಯೇ ಇದೆ, ಸವೆದೇ ಇಲ್ಲ. ಹಾಗಿದ್ದೂ ಯಾಕೆ ಒಡೆಯಿತು? ಅಮೆರಿಕದವರ ವಿಡಿಯೊಗಳಲ್ಲಿ ಟ್ರೇಲರಿಗೆ ಎಸ್‌ಟಿ ಟೈರೇ ಬೇಕು ಅನ್ನುತ್ತಾರೆ. ಅದನ್ನು ತರಿಸಬೇಕಾ? ಎರಡು ಟೈರಿಗೆ ಹತ್ತು ಸಾವಿರ ಇಟ್ಟಿದ್ದೇನೆ. ಯಾವ ಕಂಪನಿ ಒಳ್ಳೆಯದು ಹೇಳಿ.

ಬೀದರ್ ಬೊಲೆರೊ

ಕಂಪನಿ ಆಮೇಲೆ ನೋಡೋಣ ರೀ. ಮೊದಲು ಎರಡು ಕೆಲಸ ಮಾಡಿ.

ಟೈರಿನ ಸೈಡಿನಲ್ಲಿ ಡಿಒಟಿ ಅಂತ ಅಕ್ಷರ ಇರುತ್ತವೆ. ಅದರ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಅದನ್ನು ಓದಿ. ಒಂದು ಪಕ್ಕದಲ್ಲಿ ಕಾಣದಿದ್ದರೆ ಒಳಗಿನ ಪಕ್ಕ ನೋಡಿ.

ಆಮೇಲೆ ಟ್ರೇಲರನ್ನು ಪ್ರವಾಸಕ್ಕೆ ಹೋಗುವಾಗ ಹೇಗೆ ತುಂಬುತ್ತೀರೋ ಹಾಗೇ ತುಂಬಿ ವೇಬ್ರಿಡ್ಜ್ ಮೇಲೆ ತೂಗಿಸಿ. ನಿಮ್ಮೂರಲ್ಲಿ ದಾಲ್ ಮಿಲ್‌ಗಳ ಹತ್ತಿರ ಎಷ್ಟು ಬೇಕಾದರೂ ಸಿಗುತ್ತವೆ. ಟ್ರೇಲರ್ ಬಿಚ್ಚಿ ಒಮ್ಮೆ ಪೂರ್ತಿ ತೂಕ ತೆಗೆಯಿರಿ. ಆಮೇಲೆ ಬೊಲೆರೊಗೆ ಕಟ್ಟಿಕೊಂಡು ಎಡ ಗಾಲಿ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ಬರುವಂತೆ ನಿಲ್ಲಿಸಿ, ಕೊನೆಗೆ ಬಲ ಗಾಲಿ ಮಾತ್ರ. ಎರಡೂ ಸಲ ಎಡಗಡೆಯೇ ಒಡೆದಿದೆ ಅಂದಿದ್ದೀರಿ, ನನಗೆ ಅದೇ ಅನುಮಾನ.

ಚಿಂಚೋಳಿ ರೈತ

ಇಷ್ಟೆಲ್ಲ ಯಾಕೆ ಅಣ್ಣಾ? ನಮ್ಮ ಕಡೆ ಗಾಡಿಗೆ ಹಾಕುವ ಎಡಿವಿ ಟೈರ್ ಗಟ್ಟಿ ಇರುತ್ತವೆ, ದರವೂ ಕಡಿಮೆ. ಇಲ್ಲವೇ ಹಳೇ ಟೈರಿಗೇ ರಬ್ಬರ್ ಹಾಕಿಸಿ. ಟ್ರಾಲಿಗೆ ನಾವು ಹಾಗೇ ಮಾಡುತ್ತೇವೆ.

ಯಾದಗಿರಿ ಗ್ಯಾರೇಜ್

ದಯವಿಟ್ಟು ಎಡಿವಿ ಹಾಕಿಸಬೇಡಿ. ಅವು ಎತ್ತಿನ ಗಾಡಿಗೆ ಮಾಡಿದ ಟೈರುಗಳು. ಭಾರ ಹೊರುತ್ತವೆ ನಿಜ, ಆದರೆ ಎತ್ತಿನ ನಡಿಗೆಯ ವೇಗಕ್ಕೆ. ಹೆದ್ದಾರಿಯಲ್ಲಿ 60–70ರಲ್ಲಿ ಓಡಿಸಿದರೆ ಕಾದು ಬಿಟ್ಟುಕೊಳ್ಳುತ್ತವೆ. ಹೊಲದಿಂದ ಊರಿಗೆ ಬರುವ ಟ್ರಾಲಿಯ ಲೆಕ್ಕ ಬೇರೆ.

ರಬ್ಬರ್ ಹಾಕಿಸುವುದೂ ಬೇಡ. ಅವರ ಟೈರಿನಲ್ಲಿ ಟ್ರೆಡ್ ಮುಗಿದಿಲ್ಲವಲ್ಲ. ಹಾಳಾಗಿರುವುದು ಒಳಗಿನ ಮೈ. ಹಳೇ ಗೋಡೆಗೆ ಹೊಸ ಸುಣ್ಣ ಬಳಿದರೆ ಗೋಡೆ ಗಟ್ಟಿ ಆಗುತ್ತಾ?

ಹೊಸ ಟೈರ್ ಹಾಕುವ ಮುಂಚೆ ಜಾಕ್ ಕೊಟ್ಟು ಎಡ ಗಾಲಿ ಎತ್ತಿ. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಬೇರಿಂಗ್ ನೋಡಿಸಿ. ಕೈಯಿಂದ ತಿರುಗಿಸಿದಾಗ ಗರಗರ ಸದ್ದು ಬಂದರೂ ಅಷ್ಟೇ. ಟ್ರೇಲರ್ ತಿಂಗಳುಗಟ್ಟಲೆ ನಿಂತರೆ ಗ್ರೀಸ್ ಒಣಗುತ್ತದೆ, ತೇವ ಸೇರುತ್ತದೆ. ಬೇರಿಂಗ್ ಕೆಟ್ಟಿದ್ದಕ್ಕೆ ಟೈರನ್ನು ಬೈಯುವುದು ನಾನು ಬಹಳ ಸಲ ನೋಡಿದ್ದೇನೆ.

ಗಾಲಿಮನೆ, ಕಲಬುರಗಿ

ಇವತ್ತು ಬೆಳಗ್ಗೆ ಎಲ್ಲ ಮಾಡಿಸಿದೆ.

ನಾಲ್ಕು ಅಂಕಿ: 1416. ಒಡೆದ ಟೈರಿಗೂ ಅದೇ, ಬಲಗಡೆಯದಕ್ಕೂ ಅದೇ. ಬೇರಿಂಗ್‌ನಲ್ಲಿ ಆಟ ಇಲ್ಲ, ಆದರೂ ಗ್ರೀಸ್ ಹೊಸದು ತುಂಬಿಸಿದೆ.

ಬಿಚ್ಚಿ ತೂಗಿದಾಗ ಒಟ್ಟು 980 ಕೆಜಿ. ಕಟ್ಟಿಕೊಂಡು ತೂಗಿದಾಗ ಎಡ ಗಾಲಿ 490, ಬಲ ಗಾಲಿ 400. ಮಾರಿದವರು 700 ಕೆಜಿ ಅಂದಿದ್ದರು. ಅದು ಖಾಲಿ ಟ್ರೇಲರಿನ ತೂಕ ಅಂತ ಈಗ ಹೊಳೆಯಿತು. 80 ಲೀಟರ್ ನೀರಿನ ಟ್ಯಾಂಕ್, ಬ್ಯಾಟರಿ, ಸಿಲಿಂಡರ್, ಮೂರೂ ಎಡಗಡೆಯೇ ಇವೆ.

ಬೀದರ್ ಬೊಲೆರೊ

ಕಾರಣ ಸಿಕ್ಕಿತು ನೋಡಿ.

1416 ಅಂದರೆ 2016ನೇ ವರ್ಷದ 14ನೇ ವಾರ, ಅಂದರೆ ಆ ವರ್ಷದ ಏಪ್ರಿಲ್‌ನಲ್ಲಿ ತಯಾರಾದ ಟೈರ್. ನೀವು ಕೊಂಡಾಗಲೇ ಆರು ವರ್ಷ ಆಗಿತ್ತು, ಈಗ ಒಂಬತ್ತು. ಕಾರಿನ ಟೈರ್ ಓಡಿ ಓಡಿ ಸವೆಯುತ್ತದೆ. ಟ್ರೇಲರಿನದು ನಿಂತು ನಿಂತು ಸಾಯುತ್ತದೆ. ಬಿಸಿಲು ಮತ್ತು ಗಾಳಿಯಲ್ಲಿನ ಓಝೋನ್ ರಬ್ಬರನ್ನು ಒಣಗಿಸಿ ಸೈಡಿನಲ್ಲಿ ಕೂದಲೆಳೆಯಂಥ ಬಿರುಕು ಬಿಡಿಸುತ್ತವೆ. ನಿಮ್ಮ ಬಲಗಡೆ ಟೈರನ್ನು ಬೆರಳಿಂದ ಒತ್ತಿ ನೋಡಿ, ಬಿರುಕು ಕಂಡೇ ಕಾಣುತ್ತದೆ. ಟ್ರೆಡ್ ಎಷ್ಟೇ ಇರಲಿ, ಟ್ರೇಲರ್ ಟೈರನ್ನು ಐದಾರು ವರ್ಷಕ್ಕೆ ಬದಲಿಸುವುದು ಒಳ್ಳೆಯದು.

ಎರಡನೆಯದು ಭಾರ. 79ಟಿ ಅಂತಿದೆಯಲ್ಲ, ಆ 79 ಹೊರೆಯ ಸಂಕೇತ. ಅದರ ಅರ್ಥ 437 ಕೆಜಿ. ಎಡ ಗಾಲಿ ಮೇಲೆ ನೀವು ಹೇರಿದ್ದು 490. ಅದೂ ಸಾಲದು ಅಂತ, ಆ 437 ಕೆಜಿ ಹೊರುವುದು ಸುಮಾರು 36 ಪಿಎಸ್‌ಐ ಹವಾ ಇದ್ದಾಗ. 30ಕ್ಕೆ ಅದು ಇನ್ನೂ ಕಮ್ಮಿ ಹೊರುತ್ತದೆ. ಬಲಗಡೆ 400 ಇದ್ದದ್ದರಿಂದ ಅದು ಹೇಗೋ ತಾಳಿಕೊಂಡಿದೆ. ಇಷ್ಟು ಹಳೇ ಟೈರ್, ಇಷ್ಟು ಭಾರ, ನಮ್ಮ ಬೇಸಿಗೆಯ ರಸ್ತೆ. ಯಾವ ದೊಡ್ಡ ಕಂಪನಿಯದಾದರೂ ಒಡೆಯುತ್ತಿತ್ತು.

ಈಗ ಎಸ್‌ಟಿ ವಿಷಯ. ಎಸ್‌ಟಿ ಅಂದರೆ ಅಮೆರಿಕದಲ್ಲಿ ಟ್ರೇಲರಿಗೆಂದೇ ಬಳಸುವ ಟೈರ್. ಸೈಡ್ ಗಟ್ಟಿ ಇರುತ್ತದೆ, ಜಾಸ್ತಿ ಹವಾ ಹಿಡಿಯುತ್ತದೆ. ಅಲ್ಲಿ ಎಲ್ಲ ಊರಲ್ಲೂ ಸಿಗುತ್ತದೆ, ಅದಕ್ಕೇ ಅವರು ಅದನ್ನು ಹೇಳುತ್ತಾರೆ. ನಮಗೆ ಬೇಕಾದದ್ದು ಆ ಹೆಸರಲ್ಲ, ಆ ಗುಣ. ಗಟ್ಟಿ ಸೈಡ್, ಜಾಸ್ತಿ ಹವಾ, ಜಾಸ್ತಿ ಹೊರೆ. ಇದೆಲ್ಲ ನಮ್ಮ ಸಣ್ಣ ಗೂಡ್ಸ್ ಗಾಡಿಗಳ ಎಲ್‌ಟಿ ಟೈರಿನಲ್ಲಿದೆ. 155 ಆರ್13 ಎಲ್‌ಟಿ 8ಪಿಆರ್ ಕೇಳಿ. ಪಿಆರ್ ಅಂದರೆ ಟೈರಿನ ಗಟ್ಟಿತನದ ಅಳತೆ. ಎತ್ತರ ನಿಮ್ಮ ಈಗಿನ ಟೈರಿನಷ್ಟೇ, ಹಾಗಾಗಿ ಮಡ್‌ಗಾರ್ಡಿಗೆ ತಾಗುವುದಿಲ್ಲ. ಸಂಕೇತ 90/88 ಅಂತ ಇರುತ್ತದೆ. ಒಂಟಿ ಗಾಲಿಗೆ ಮೊದಲ ಸಂಖ್ಯೆ ಲೆಕ್ಕ. 90 ಅಂದರೆ 600 ಕೆಜಿ.

ಇದರಲ್ಲಿ ಇನ್ನೊಂದು ದೊಡ್ಡ ಅನುಕೂಲ ಇದೆ. ತರಕಾರಿ, ತೊಗರಿ, ಹಾಲಿನ ಕ್ಯಾನ್ ಹೊರುವ ಗಾಡಿಗಳೆಲ್ಲ ಎಲ್‌ಟಿ ಟೈರಿನ ಮೇಲೇ ಓಡುವುದು. ಹುಮನಾಬಾದ್‌ನಲ್ಲಿ ಕೆಟ್ಟು ನಿಂತರೂ ಸಿಗುತ್ತದೆ, ಸುರಪುರದಲ್ಲೂ ಸಿಗುತ್ತದೆ. ಹೊರಗಿನಿಂದ ತರಿಸಿದ ಟೈರ್ ಎಷ್ಟೇ ಒಳ್ಳೆಯದಿರಲಿ, ದಾರಿ ಮಧ್ಯೆ ಒಂದು ಹೋದರೆ ಜೋಡಿ ಎಲ್ಲಿಂದ ತರುತ್ತೀರಿ?

ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಇವುಗಳಲ್ಲಿ ಅಂಗಡಿಯಲ್ಲಿ ಯಾವುದು ತಾಜಾ ಇದೆಯೋ ಅದನ್ನು ತಗೊಳ್ಳಿ. ಎರಡೂ ಒಂದೇ ಕಂಪನಿ, ಒಂದೇ ಮಾದರಿ ಇರಲಿ. ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಬೇಡವೇ ಬೇಡ. ಐಎಸ್‌ಐ ಗುರುತು ನೋಡಿ. ದುಡ್ಡು ಕೊಡುವ ಮುಂಚೆ ಆ ನಾಲ್ಕು ಅಂಕಿ ನೀವೇ ಓದಿ. ಆರು ತಿಂಗಳೊಳಗಿನದು ಸಿಕ್ಕರೆ ಚೆನ್ನ. ಎರಡು ವರ್ಷ ಗೋಡೌನ್‌ನಲ್ಲಿದ್ದದ್ದನ್ನು ನೂರಿನ್ನೂರು ರೂಪಾಯಿ ಕಡಿಮೆಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ.

ಯಾದಗಿರಿ ಗ್ಯಾರೇಜ್

ಟೈರ್ ಸರಿ ಹೇಳಿದಿರಿ ಸರ್. ಡಿಸ್ಕ್ ಮರೆತಿರಿ, ಅಂದರೆ ಟೈರ್ ಕೂರುವ ಲೋಹದ ಚಕ್ರ.

8ಪಿಆರ್ ಟೈರಿಗೆ 65 ಪಿಎಸ್‌ಐವರೆಗೆ ಹವಾ ಹಿಡಿಸುತ್ತಾರೆ. ಕಾರಿನ ಡಿಸ್ಕ್ ಅಷ್ಟು ಒತ್ತಡಕ್ಕೂ ಅಷ್ಟು ಭಾರಕ್ಕೂ ಮಾಡಿದ್ದಲ್ಲ. ಟೈರ್ ತಾಳುತ್ತದೆ, ಡಿಸ್ಕ್ ಬಿರುಕು ಬಿಡುತ್ತದೆ. ಅದು ಹವಾ ತುಂಬುವಾಗಲೇ ಆದರೆ ಪಂಚರ್ ಅಂಗಡಿಯ ಹುಡುಗನ ಜೀವಕ್ಕೆ ಅಪಾಯ. ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ. ಅದೇ ಟೈರ್ ಹಾಕುವ ಗೂಡ್ಸ್ ಗಾಡಿಯ ಡಿಸ್ಕ್ ತಗೊಳ್ಳಿ. ಕೊಳ್ಳುವ ಮುಂಚೆ ನಿಮ್ಮ ಹಬ್‌ನ ಬೋಲ್ಟ್‌ಗಳ ನಡುವಿನ ದೂರ ಮತ್ತು ನಡುವಿನ ತೂತು ಅಳೆಯಿರಿ, ಇಲ್ಲವೇ ಹಳೇ ಡಿಸ್ಕನ್ನೇ ಅಂಗಡಿಗೆ ಒಯ್ಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೂ ಬಡಿದು ಕೂರಿಸಬೇಡಿ. ಹವಾ ತುಂಬುವ ಹಳೇ ರಬ್ಬರ್ ವಾಲ್ ಕೂಡ ತೆಗೆಸಿ, ಜಾಸ್ತಿ ಒತ್ತಡದ ಹೊಸ ವಾಲ್ ಹಾಕಿಸಿ.

ಚಿಂಚೋಳಿ ರೈತ

ಬೇಸಿಗೆಯಲ್ಲಿ 65 ಹವಾ? ನಮ್ಮಲ್ಲಿ ಬಿಸಿಲು 42–43 ದಾಟುತ್ತದೆ. ಬೇಸಿಗೆಯಲ್ಲಿ ಹವಾ ಕಡಿಮೆ ಇಡಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ?

ಬೀದರ್ ಬೊಲೆರೊ

ಎಲ್ಲರೂ ಹೇಳುತ್ತಾರೆ, ಅದಕ್ಕೇ ಬೇಸಿಗೆಯಲ್ಲಿ ಇಷ್ಟೊಂದು ಟೈರ್ ಒಡೆಯುತ್ತವೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ತಂತಿಯನ್ನು ಅದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋಗಿ. ಬಿಸಿಯಾಗಿ ಮುರಿಯುತ್ತದೆ, ಅಲ್ವಾ? ಟೈರಿನ ಸೈಡೂ ಹಾಗೇ. ಗಾಲಿಯ ಪ್ರತಿ ಸುತ್ತಿಗೂ ನೆಲಕ್ಕೆ ತಾಗಿದ ಕಡೆ ಬಗ್ಗುತ್ತದೆ, ಮೇಲೆ ಬಂದಾಗ ನೆಟ್ಟಗಾಗುತ್ತದೆ. ಹವಾ ಕಡಿಮೆ ಇದ್ದಷ್ಟೂ ಬಗ್ಗುವುದು ಜಾಸ್ತಿ, ಬಿಸಿ ಜಾಸ್ತಿ. ಒಳಗಿನ ಪದರಗಳು ಬಿಟ್ಟುಕೊಳ್ಳುವುದು ಈ ಬಿಸಿಗೆ. ಹೊರಗಿನ ಬಿಸಿಲು ಅದಕ್ಕೆ ಸೇರಿಕೊಳ್ಳುತ್ತದೆ ಅಷ್ಟೇ. ಹವಾ ಇಳಿಸಿದರೆ ಒಲೆಗೆ ಇನ್ನಷ್ಟು ಕಟ್ಟಿಗೆ ಇಟ್ಟಂತೆ.

ಓಡುವಾಗ ಒತ್ತಡ ಏರುವುದು ಟೈರ್ ಮಾಡುವವರಿಗೂ ಗೊತ್ತು. ಅದನ್ನು ಲೆಕ್ಕ ಹಾಕಿಯೇ ತಂಪು ಟೈರಿನ ಒತ್ತಡ ಹೇಳಿರುತ್ತಾರೆ. ಹಾಗಾಗಿ ಬೆಳಗ್ಗೆ ಗಾಡಿ ಹೊರಡುವ ಮುಂಚೆ ಅಳೆಯಿರಿ. ದಾರಿಯಲ್ಲಿ ಬಿಸಿ ಟೈರಿನಿಂದ ಹವಾ ಬಿಡಬೇಡಿ. ಸಂಜೆ ತಂಪಾದಾಗ ಅದು ತೀರಾ ಕಡಿಮೆಗೆ ಬಂದಿರುತ್ತದೆ. ನೈಟ್ರೋಜನ್ ಹಾಕಿಸಿದರೂ ಇದೇ ಮಾತು.

65 ಇಡಲೇಬೇಕು ಅಂತ ನಾನು ಹೇಳುವುದಿಲ್ಲ. ಅದು 600 ಕೆಜಿಗೆ. 490ಕ್ಕೆ 55 ಸಾಕು. ತೀರಾ ಜಾಸ್ತಿ ಇಟ್ಟರೆ ಹಗುರ ಟ್ರೇಲರ್ ಕುಣಿಯುತ್ತದೆ, ಒಳಗಿನ ಪಾತ್ರೆಯೆಲ್ಲ ಚೆಲ್ಲಾಪಿಲ್ಲಿ.

ಇನ್ನೊಂದು ಮಾತು ಗಾಲಿಮನೆಯವರಿಗೆ. ಒಟ್ಟು 980ರಲ್ಲಿ ಹುಕ್ಕಿನ ಮೇಲೆ ಬರೀ 90 ಬಿದ್ದಿದೆ. ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಅಲ್ಲಿರಬೇಕು. ಹಿಂದೆ ಭಾರ ಜಾಸ್ತಿಯಾದರೆ ಟ್ರೇಲರ್ ಬಾಲ ಆಡಿಸುತ್ತದೆ. ನೀರಿನ ಟ್ಯಾಂಕನ್ನು ನಡುವಿಗೆ, ಆಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ ತನ್ನಿ. ಎಡ-ಬಲದ ಅಂತರವೂ ಹೋಗುತ್ತದೆ.

ಯಾದಗಿರಿ ಗ್ಯಾರೇಜ್

ನಾನಾಗಿದ್ದರೆ 60 ಇಡುತ್ತಿದ್ದೆ. ನಮ್ಮ ಕಡೆ ಬಳ್ಳಾರಿ ಜಾಲಿ ಮುಳ್ಳು ಚುಚ್ಚಿ ಹವಾ ಮೆಲ್ಲಗೆ ಇಳಿಯುವುದು ಬಹಳ. ಕಾರಿನಲ್ಲಾದರೆ ಸ್ಟೀರಿಂಗ್ ಎಳೆಯುತ್ತದೆ, ಗೊತ್ತಾಗುತ್ತದೆ. ಹಿಂದೆ ಕಟ್ಟಿದ ಟ್ರೇಲರಿನದು ಒಡೆಯುವವರೆಗೂ ಗೊತ್ತೇ ಆಗುವುದಿಲ್ಲ. ವಾಲ್ ಮೇಲೆ ಕೂರಿಸುವ ಸೆನ್ಸರ್ ಸಿಗುತ್ತವೆ, ಒತ್ತಡ ಇಳಿದರೆ ಮುಂದೆ ಕೂಗಿ ಹೇಳುತ್ತವೆ. ಹತ್ತು ಸಾವಿರದಲ್ಲಿ ಉಳಿದರೆ ಅದಕ್ಕೇ ಹಾಕಿ. ದಾರಿಯಲ್ಲಿ ಚಹಾಕ್ಕೆ ನಿಂತಾಗಲೆಲ್ಲ ಎರಡೂ ಟೈರಿನ ಮೇಲೆ ಅಂಗೈ ಇಟ್ಟು ನೋಡಿ. ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿ ಇದ್ದರೆ ಹೊರಡಬೇಡಿ.

ಗಾಲಿಮನೆ, ಕಲಬುರಗಿ

ಮೂರು ವಾರ ಆಯಿತು, ಆದದ್ದು ಹೇಳಬೇಕು.

ಟ್ಯಾಂಕ್ ನಡುವಿಗೆ ತಂದೆ. ಬೇಡದ ಸಾಮಾನು, ಒಂದು ಹಳೇ ಕಬ್ಬಿಣದ ಪೆಟ್ಟಿಗೆ ಸೇರಿ, 50 ಕೆಜಿ ಇಳಿಸಿದೆ. ಮತ್ತೆ ತೂಗಿಸಿದಾಗ ಒಟ್ಟು 930. ಎಡ 415, ಬಲ 405, ಹುಕ್ಕಿನ ಮೇಲೆ 110.

ಎಲ್‌ಟಿ 8ಪಿಆರ್ ಎರಡು ತಗೊಂಡೆ, ಎರಡಕ್ಕೂ ಸೇರಿ ಒಂಬತ್ತು ಸಾವಿರದೊಳಗೆ ಆಯಿತು. ಮೊದಲ ಅಂಗಡಿಯಲ್ಲಿ ತೋರಿಸಿದ್ದು 2023ರದು, ಎದ್ದು ಬಂದೆ. ಎರಡನೇ ಅಂಗಡಿಯಲ್ಲಿ ಈ ವರ್ಷದ್ದೇ ಸಿಕ್ಕಿತು. ಡಿಸ್ಕ್‌ಗಳಿಗೆ ಬೇರೆ ದುಡ್ಡು ಹೋಯಿತು, ಅದನ್ನು ನಾನು ಲೆಕ್ಕ ಹಾಕಿರಲಿಲ್ಲ. ಆದರೂ ಯಾದಗಿರಿ ಅಣ್ಣಾವ್ರ ಮಾತು ಓದಿದ ಮೇಲೆ ಹಳೇ ಡಿಸ್ಕ್ ಹಾಕಲು ಮನಸ್ಸು ಬರಲಿಲ್ಲ. ಸೆನ್ಸರ್ ಮುಂದಿನ ತಿಂಗಳು.

ಮೊನ್ನೆ ಜೇವರ್ಗಿ, ಶಹಾಪುರ, ಸುರಪುರ ದಾರಿಯಲ್ಲಿ ನಾರಾಯಣಪುರ ಡ್ಯಾಂಗೆ ಹೋಗಿಬಂದೆವು. ಬೆಳಗ್ಗೆ ಐದೂವರೆಗೆ 50 ಇಟ್ಟು ಹೊರಟೆ. ಭೀಮಾ ದಾಟಿ ಜೇವರ್ಗಿಯಲ್ಲಿ ನಿಂತು ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ, ಎರಡು ಸ್ವಲ್ಪ ಸಡಿಲ ಇದ್ದವು. ವಾಪಸ್ ಬರುವಾಗ ಮಧ್ಯಾಹ್ನ ಶಹಾಪುರದಲ್ಲಿ ಅಳೆದರೆ ಎಡ 57, ಬಲ 56. ಪಂಚರ್ ಅಂಗಡಿಯವರು ಬಿಸಿಲು ಬಹಳ ಇದೆ, ಸ್ವಲ್ಪ ಹವಾ ಬಿಡುತ್ತೇನೆ ಅಂದರು. ಬೇಡ ಅಂದೆ. ಮನೆಗೆ ಬಂದು ಮರುದಿನ ಬೆಳಗ್ಗೆ ನೋಡಿದರೆ ಎರಡೂ 50.

ಈಗ ಟ್ರೇಲರನ್ನು ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸಿದ್ದೇನೆ. ಟೈರಿಗೆ ದಪ್ಪ ಗೋಣಿಚೀಲದ ಹೊದಿಕೆ ಹೊಲಿಸಿದ್ದೇನೆ. ಸ್ಟೆಪ್ನಿಗೆ ಇನ್ನೂ 2016ರ ಬಲಗಡೆ ಟೈರೇ ಇದೆ. ಅದನ್ನೂ ಬದಲಿಸಬೇಕಾ?

ಬೀದರ್ ಬೊಲೆರೊ

ಬದಲಿಸಲೇಬೇಕು. ಅಷ್ಟು ಭಾರಕ್ಕೆ ಅದು ತಾಳುವುದಿಲ್ಲ. ಮೂರನೆಯದೂ ಅದೇ ಎಲ್‌ಟಿ, ಅದೇ ಡಿಸ್ಕ್ ಇರಲಿ. ಅಲ್ಲಿವರೆಗೆ ದೂರ ಹೋಗಬೇಡಿ.