ಸಹಾಯ ಬೇಕು: ಉಳಿದಿರುವ ಗೆಡ್ಡೆಯ ಮಾದರಿಯನ್ನು ಯಾವ ಪ್ರೋಟೀನ್ ಪರೀಕ್ಷೆಗೆ ಕಳುಹಿಸಲಿ?

ಎಲ್ಲರಿಗೂ ನಮಸ್ಕಾರ. ಶ್ವಾಸಕೋಶದ ಕ್ಯಾನ್ಸರ್ ಗೆಡ್ಡೆಗಳಲ್ಲಿ ಇಜಿಎಫ್‌ಆರ್ (ಜೀವಕೋಶಕ್ಕೆ ಬೆಳೆಯುವ ಸಂಕೇತ ಕೊಡುವ ಗ್ರಾಹಕ ಪ್ರೋಟೀನ್) ತಡೆಯುವ ಔಷಧಿ ಕೊಟ್ಟ ಮೇಲೂ ಜೀವಕೋಶಗಳು ಯಾವ ಸಂಕೇತ ಮಾರ್ಗ ಹಿಡಿದು ಬದುಕುತ್ತವೆ ಎಂದು ಹುಡುಕುತ್ತಿದ್ದೇನೆ. ಪ್ರತಿಕಾಯದಿಂದ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಇಜಿಎಫ್‌ಆರ್‌ನ ಒಟ್ಟು ಪ್ರಮಾಣ ಹಾಗೆಯೇ ಇದೆ, ಆದರೆ ಅದರ 1068ನೇ ತಾಣದ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿರುವುದನ್ನು ತೋರಿಸುವ ಪಟ್ಟಿ ಮಾತ್ರ ಸ್ಪಷ್ಟವಾಗಿ ಮಸುಕಾಗಿದೆ. ಅದೇ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಮಾಸ್ ಸ್ಪೆಕ್ಟ್ರೋಮೆಟ್ರಿಗೆ (ಪ್ರೋಟೀನ್ ತುಣುಕುಗಳನ್ನು ದ್ರವ್ಯರಾಶಿಯಿಂದ ಗುರುತಿಸುವ ವಿಧಾನ) ಕಳುಹಿಸಿದೆ. ಸಾವಿರಾರು ಪ್ರೋಟೀನ್‌ಗಳ ಪಟ್ಟಿ ಬಂತು, ಈ ತಾಣದ ಸುಳಿವೇ ಇಲ್ಲ. ಫಾಸ್ಫೋಪೆಪ್ಟೈಡ್‌ಗಳನ್ನು (ಫಾಸ್ಫೇಟ್ ಅಂಟಿದ ಪ್ರೋಟೀನ್ ತುಣುಕುಗಳನ್ನು) ಪ್ರತ್ಯೇಕಿಸದೆ ನಡೆಸಿದ ಪರೀಕ್ಷೆಯಾದ್ದರಿಂದ ಹೀಗಾಯಿತು ಎಂಬುದು ಅರ್ಥವಾಗುತ್ತದೆ.

ಗೊಂದಲ ಮುಂದಿನ ಹೆಜ್ಜೆಯದು. ಉಳಿದಿರುವುದು ಪ್ರತಿ ಗೆಡ್ಡೆಯಿಂದ ಸುಮಾರು 200 ಮೈಕ್ರೋಗ್ರಾಂ ಪ್ರೋಟೀನ್, ಅದೂ ಎಸ್‌ಡಿಎಸ್ ಎಂಬ ಮಾರ್ಜಕ ಇರುವ ದ್ರಾವಣದಲ್ಲಿ. ಅದನ್ನು ಮಣಿಗಳ ವಿಧಾನದಿಂದ ಶುದ್ಧಗೊಳಿಸಬಹುದು ಎಂದು ಪ್ರಯೋಗಾಲಯದವರು ಹೇಳಿದ್ದಾರೆ. ಟೈಟಾನಿಯಂ ಡೈಆಕ್ಸೈಡ್‌ನಿಂದ ಪ್ರತ್ಯೇಕಿಸಿದರೆ ಸಿಗುವುದು ಬಹುಪಾಲು ಸೀರಿನ್ ಮತ್ತು ಥ್ರಿಯೋನಿನ್ ಎಂಬ ಬೇರೆ ಅಮೈನೋ ಆಮ್ಲಗಳ ತಾಣಗಳೇ. ನನಗೆ ಬೇಕಾದ ಟೈರೋಸಿನ್ ಬಹಳ ವಿರಳ. ಟೈರೋಸಿನ್ ಪ್ರತಿಕಾಯದಿಂದ ಹಿಡಿಯಲು ಸಾಮಾನ್ಯವಾಗಿ ಮಿಲಿಗ್ರಾಂಗಟ್ಟಲೆ ಪ್ರೋಟೀನ್ ಕೇಳುತ್ತಾರೆ. ರಿವರ್ಸ್ ಫೇಸ್ ಪ್ರೋಟೀನ್ ಅರೇಗೆ (ಮಾದರಿಯ ಪುಟ್ಟ ಚುಕ್ಕೆಗಳನ್ನು ಪ್ರತಿಕಾಯಗಳಿಂದ ಪರೀಕ್ಷಿಸುವ ವಿಧಾನ) ಸ್ವಲ್ಪವೇ ಸಾಕು, ಆದರೆ ಪ್ರತಿಕಾಯ ಇರುವ ತಾಣಗಳನ್ನಷ್ಟೇ ಅದು ತೋರಿಸುತ್ತದೆ. ಹೊಸ ಮಾರ್ಗ ಇದ್ದರೂ ಕಾಣದಂತಾಗುತ್ತದೆ. ಈ ಗೆಡ್ಡೆಗಳು ರೋಗಿಗಳು ನಂಬಿ ಕೊಟ್ಟವು, ಮತ್ತೆ ಸಿಗುವುದಿಲ್ಲ. ಹಾಗಾಗಿ ವ್ಯರ್ಥ ಮಾಡಲು ಮನಸ್ಸಿಲ್ಲ.

ಇಷ್ಟು ಕಡಿಮೆ ಮಾದರಿಯಲ್ಲಿ ಟೈರೋಸಿನ್ ತಾಣಗಳನ್ನು ನಿಜವಾಗಿ ಅಳೆದವರು ಇದ್ದೀರಾ? ಮೊದಲು ಅರೇ ಮಾಡಿಸಿ ಉಳಿದದ್ದನ್ನು ಟೈಟಾನಿಯಂ ವಿಧಾನಕ್ಕೆ ಕೊಡಲೇ, ಅಥವಾ ಎಲ್ಲವನ್ನೂ ಒಂದೇ ಪ್ರತಿಕಾಯ ಪರೀಕ್ಷೆಗೆ ಹಾಕಲೇ?