ಕರ್ತವ್ಯದಲ್ಲಿ ಗಾಯ: ಆಸ್ಪತ್ರೆಯ ಖರ್ಚು ನಿಮಗೆ ಹೇಗೆ ಮರಳಿತು?

ನರ್ಸ್‌ನ ಅಕ್ಕ: 108 ಆಂಬುಲೆನ್ಸ್‌ನಲ್ಲಿ ನರ್ಸ್ ಆಗಿರುವ ನನ್ನ ತಮ್ಮನಿಗೆ, ಕರೆಗೆ ಹೋಗುವಾಗ ವಾಹನ ಮಗುಚಿ ತೊಡೆಯ ಮೂಳೆ ಮುರಿದಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇದ್ದರೂ ತುರ್ತಿನಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ನಿವೃತ್ತ ಅಗ್ನಿಶಾಮಕ: ತಂಗೀ, ಗೋದಾಮಿನ ಬೆಂಕಿ ಆರಿಸುವಾಗ ಗೋಡೆ ಕುಸಿದು ನನ್ನ ಕಾಲು ಮುರಿಯಿತು. ಬಿಲ್ಲು 1,86,400 ರೂಪಾಯಿ. ಸರ್ಕಾರಿ ನೌಕರರ ಚಿಕಿತ್ಸಾ ವೆಚ್ಚಕ್ಕಿರುವ 1963ರ ವೈದ್ಯಕೀಯ ಹಾಜರಾತಿ ನಿಯಮಗಳಡಿ ಮರುಪಾವತಿ ಕೋರಿದೆ. ಮೂಳೆಗೆ ಹಾಕಿದ ಪ್ಲೇಟಿನ ಸ್ಟಿಕ್ಕರ್ ಬಿಲ್ಲಿನೊಂದಿಗೆ ಇಲ್ಲವೆಂದು ಒಮ್ಮೆ, ಔಷಧದ ರಸೀದಿಗಳ ಮೇಲೆ ವೈದ್ಯರ ಸಹಿಯಿಲ್ಲವೆಂದು ಇನ್ನೊಮ್ಮೆ ಕಡತ ಹಿಂದಿರುಗಿ, 14 ತಿಂಗಳ ಬಳಿಕ ಸರ್ಕಾರದ ದರಪಟ್ಟಿಯಂತೆ 97,250 ರೂಪಾಯಿ ಮಂಜೂರಾಯಿತು. ಉಳಿದ 89,150 ರೂಪಾಯಿಗೆ ಹೆಂಡತಿಯ ಬಳೆಗಳು ಹೋದವು. ಆದರೂ ಖಾಸಗಿ ಆಸ್ಪತ್ರೆಗೆ ಹೋದದ್ದಕ್ಕೆ ನನಗೆ ವಿಷಾದವಿಲ್ಲ. ಇಂದು ಕೋಲಿಲ್ಲದೆ ನಡೆಯುತ್ತೇನೆ.

108 ಚಾಲಕ: ಹಿರಿಯರೇ, ಸರ್ಕಾರಿ ನೌಕರರ ಆ ನಿಯಮ ಗುತ್ತಿಗೆಯವರಾದ ನಮಗೆ ಅನ್ವಯಿಸುವುದಿಲ್ಲ. ನನ್ನ ಭುಜ ಮುರಿದಾಗ ಗುತ್ತಿಗೆದಾರರು ಅಪಘಾತ ವರದಿಯನ್ನೇ 40 ದಿನ ಕಳುಹಿಸಲಿಲ್ಲ. ಹೀಗಾಗಿ ಕರ್ತವ್ಯದ ಗಾಯಕ್ಕೆ ಇಎಸ್‌ಐನಿಂದ ವೇತನದ ಶೇ. 90ರಷ್ಟು ಸಿಗಬೇಕಾದಲ್ಲಿ, ಸಾಮಾನ್ಯ ಕಾಯಿಲೆಯೆಂದು ಶೇ. 70ರಷ್ಟೇ ಬಂತು. ಎಫ್‌ಐಆರ್ ಪ್ರತಿ, ಆ ರಾತ್ರಿಯ ಟ್ರಿಪ್ ದಾಖಲೆ ಹಿಡಿದು ಶಾಖಾ ಕಚೇರಿಗೆ ಆರು ಸಲ ಅಲೆದ ಮೇಲೆ ವ್ಯತ್ಯಾಸದ ಹಣ ಸಿಕ್ಕಿತು. ನಾನು ಪಟ್ಟು ಬಿಡದಿದ್ದುದೇ ಸರಿ.

ಗೃಹರಕ್ಷಕ: ಇಷ್ಟೆಲ್ಲ ಏಕೆ? ನೌಕರರ ಪರಿಹಾರ ಕಾನೂನಿನಡಿ ಗುತ್ತಿಗೆದಾರರಿಂದಲೇ ವೈದ್ಯಕೀಯ ವೆಚ್ಚ ವಸೂಲಿ ಮಾಡಬಹುದು.

108 ಚಾಲಕ: ತಿಳಿಯದೆ ದಾರಿ ತಪ್ಪಿಸಬೇಡಿ. ಇಎಸ್‌ಐ ವಿಮೆಯುಳ್ಳವರು ಅದೇ ಗಾಯಕ್ಕೆ ಆ ಕಾನೂನಿನಡಿ ಪರಿಹಾರ ಕೇಳುವಂತಿಲ್ಲ; ನನಗೆ ಆಗಿನ ಇಎಸ್‌ಐ ಕಾಯ್ದೆಯ 53ನೇ ಕಲಮು ಅಡ್ಡಬಂತು. ಆ ಸಲಹೆ ನಂಬಿ ವಕೀಲರಿಗೆ 8,000 ರೂಪಾಯಿ ಕೊಟ್ಟು ಕಳೆದುಕೊಂಡವನು ನಾನು.

ಪೊಲೀಸ್ ಪತ್ನಿ: ಕಲ್ಲುತೂರಾಟದಲ್ಲಿ ನಮ್ಮ ಯಜಮಾನರ ತಲೆಗೆ ಪೆಟ್ಟಾದಾಗ ಪೊಲೀಸರಿಗಾಗಿನ ಆರೋಗ್ಯ ಭಾಗ್ಯ ಯೋಜನೆಯಡಿ ನಗದಿಲ್ಲದೆ ಶಸ್ತ್ರಚಿಕಿತ್ಸೆಯಾಯಿತು. ಆದರೆ ಮನೆಗೆ ಬಂದ ಮೇಲೆ ಐದು ತಿಂಗಳ ಫಿಸಿಯೋಥೆರಪಿಗೆ, ದಿನಕ್ಕೆ 500 ರೂಪಾಯಿಯಂತೆ, ಕೈಯಿಂದಲೇ ಕೊಟ್ಟೆವು.

ಗೃಹರಕ್ಷಕ: ಅಮ್ಮಾ, ಅಂಥದೇ ಬಂದೋಬಸ್ತಿನಲ್ಲಿ ನಿಮ್ಮ ಯಜಮಾನರಂಥವರ ಪಕ್ಕದಲ್ಲಿ ನಿಂತು ನಾನೂ ಕಲ್ಲೇಟು ತಿಂದೆ. ಹಾಜರಾದ ದಿನಕ್ಕಷ್ಟೇ ಭತ್ಯೆ ಪಡೆಯುವ ನಾನು ಮಲಗಿದ್ದ 52 ದಿನಗಳಲ್ಲಿ ಒಂದು ರೂಪಾಯಿಯನ್ನೂ ಕಾಣಲಿಲ್ಲ. ಹೊಲಿಗೆಯ 6,300 ರೂಪಾಯಿಯನ್ನು ನಮ್ಮ ಘಟಕದವರು ಚಂದಾ ಎತ್ತಿ ಕಟ್ಟಿದರು. ಫಿಸಿಯೋಥೆರಪಿಯ ಮಾತನ್ನು ನನ್ನೆದುರು ಆಡಬೇಡಿ.

ಪೊಲೀಸ್ ಪತ್ನಿ: ನಿಮ್ಮ ನೋವು ದೊಡ್ಡದೆಂದು ನಮ್ಮದು ಸುಳ್ಳಾಗುವುದಿಲ್ಲ ಅಣ್ಣಾ. ಅವರ ಬಲಗೈ ಇಂದಿಗೂ ಲೋಟ ಹಿಡಿಯುವುದಿಲ್ಲ.