ಕೊರಿಯಾ ಯುದ್ಧದಲ್ಲಿ ತಪ್ಪಿಹೋದ ಅಜ್ಜಿಯ ತಂಗಿಯನ್ನು ಹುಡುಕೋದು ಹೇಗೆ?

ಗೋಕುಲಂ_ಮೂರನೇ_ಹಂತ:
ನಮ್ಮ ಮಹಡಿ ಮನೆಯಲ್ಲಿ ಯೋಗ ಕಲಿಯೋಕೆ ಬಂದ ಕೊರಿಯನ್ ಮೂಲದ ಅಮೆರಿಕದ ದಂಪತಿ ಬಾಡಿಗೆಗಿದ್ದಾರೆ. ಆಕೆಯ ಅಜ್ಜಿ 1950ರ ಡಿಸೆಂಬರ್‌ನಲ್ಲಿ ಉತ್ತರ ಕೊರಿಯಾದ ಹುಂಗ್ನಾಮ್ ಬಂದರಿನಿಂದ ಹಡಗು ಹತ್ತಿ ದಕ್ಷಿಣಕ್ಕೆ ಬಂದವರು. ತಂಗಿ ಜನಜಂಗುಳಿಯಲ್ಲಿ ತಪ್ಪಿಹೋದರಂತೆ. ಇರೋದು ಇಂಗ್ಲಿಷಿನಲ್ಲಿ ಬರೆದ ಹೆಸರು, ಒಂದು ಫೋಟೊ. ಬಲ್ಲವರು ಹೇಳಿ.

ಹಳೇ_ದಫ್ತರ:
ಇಂಗ್ಲಿಷ್ ಹೆಸರು ಪಕ್ಕಕ್ಕಿಡಿ. ಒಂದೇ ಮನೆತನದ ಹೆಸರನ್ನ ಲೀ, ಯೀ, ರೀ ಅಂತ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಕೊರಿಯನ್ನರ ಹಂಗುಲ್ ಲಿಪಿಯಲ್ಲೇ ಬೇಕು, ಸಿಕ್ಕರೆ ಚೀನೀ ಅಕ್ಷರದಲ್ಲೂ. ಅಲ್ಲಿ ಹೆಂಗಸರು ಮದುವೆಯಾದರೂ ತವರಿನ ಹೆಸರು ಬಿಡಲ್ಲ. ಅಜ್ಜಿ ಅಮೆರಿಕದಲ್ಲಿ ಗಂಡನ ಹೆಸರು ಹಾಕ್ಕೊಂಡಿದ್ದರೆ, ಆ ಹೆಸರಲ್ಲಿ ತಂಗಿ ಜನ್ಮದಲ್ಲಿ ಸಿಗಲ್ಲ.

ಆಮೇಲೆ ಊರು. ದೊ, ಗುನ್, ಮ್ಯೊನ್, ರಿ: ಹೆಚ್ಚುಕಮ್ಮಿ ನಮ್ಮ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಇದ್ದಂಗೆ. ನಾಲ್ಕೂ ಬೇಕು, ಯುದ್ಧಕ್ಕೆ ಮುಂಚಿನ ಹೆಸರಲ್ಲಿ. ಉತ್ತರ ಕೊರಿಯಾ 1952ರಲ್ಲಿ ಮ್ಯೊನ್ ಹಂತವನ್ನೇ ಎತ್ತಿಹಾಕಿತು, ಈಗಿನ ನಕ್ಷೆ ನಂಬಿಕೊಂಡರೆ ದಾರಿ ತಪ್ಪುತ್ತೆ. ಹುಟ್ಟಿದ ದಿನ ಚಾಂದ್ರಮಾನದ್ದಾ ಕೇಳಿ. ಹಳೇ ಲೆಕ್ಕದಲ್ಲಿ ಮಗು ಹುಟ್ಟಿದ ಕೂಡಲೇ ಒಂದು ವರ್ಷ, ಹೊಸ ವರ್ಷಕ್ಕೆ ಇನ್ನೊಂದು. ಇಸವಿ ಒಂದೆರಡು ಆಚೀಚೆ ಆಗೋದು ಅಲ್ಲೇ.

ಸಕ್ಕರೆನಾಡು:
ತಂಗಿ ಉತ್ತರದಲ್ಲೇ ಉಳಿದರು ಅಂತ ಯಾರು ಹೇಳಿದ್ದು? ಹುಂಗ್ನಾಮಿನಿಂದ ಸುಮಾರು 1 ಲಕ್ಷ ಸಾಮಾನ್ಯ ಜನ ಹಡಗು ಹತ್ತಿದರು. ಬೇರೆ ಹಡಗಲ್ಲಿ ಬಂದು ದಕ್ಷಿಣದಲ್ಲೇ ಬಾಳಿರಬಹುದು. 1983ರಲ್ಲಿ ದಕ್ಷಿಣ ಕೊರಿಯಾದ ಕೆಬಿಎಸ್ ಟೀವಿ, ಯುದ್ಧದಲ್ಲಿ ಬೇರ್ಪಟ್ಟವರನ್ನ ಹುಡುಕೋ ಕಾರ್ಯಕ್ರಮ 138 ದಿನ ನೇರಪ್ರಸಾರ ಮಾಡಿ 10,189 ಕುಟುಂಬಗಳನ್ನ ಕೂಡಿಸಿತು. ಒಂದೇ ದೇಶದಲ್ಲಿದ್ದೂ ಮೂವತ್ತು ವರ್ಷ ಒಬ್ಬರಿಗೊಬ್ಬರು ಸಿಕ್ಕಿರಲಿಲ್ಲ! ಆದ್ದರಿಂದ ದಕ್ಷಿಣದ ದಾಖಲೆ ಮೊದಲು.

ಜೊತೆಗೇ ದಕ್ಷಿಣದ ಏಕೀಕರಣ ಸಚಿವಾಲಯ, ಕೊರಿಯಾ ರೆಡ್‌ಕ್ರಾಸ್ ನಡೆಸುವ ಬೇರ್ಪಟ್ಟ ಕುಟುಂಬಗಳ ಪಟ್ಟಿಗೆ ಹೆಸರು ಕೊಡಿ. ಹೆಸರು ಕೊಟ್ಟ ಮಾತ್ರಕ್ಕೆ ಭೇಟಿ ಗ್ಯಾರಂಟಿ ಇಲ್ಲ: ಎರಡೂ ಸರ್ಕಾರ ಸೇರಿ ಉತ್ತರದ ಕುಮ್‌ಗಾಂಗ್ ಬೆಟ್ಟದಲ್ಲಿ ಇಂಥ ಕುಟುಂಬಗಳನ್ನ ಕೊನೇ ಸಲ ಕೂಡಿಸಿದ್ದು 2018ರ ಆಗಸ್ಟ್‌ನಲ್ಲಿ. ಅಮೆರಿಕದ ಪಾಸ್‌ಪೋರ್ಟಿಗೆ 2017ರ ಸೆಪ್ಟೆಂಬರ್‌ನಿಂದ ಉತ್ತರಕ್ಕೆ ಹೋಗೋಕೆ ನಿರ್ಬಂಧವೂ ಇದೆ. ಉತ್ತರದಲ್ಲಿರೋ ನೆಂಟರನ್ನ ಕದ್ದುಮುಚ್ಚಿ ಹುಡುಕಿಕೊಡ್ತೀವಿ ಅನ್ನೋ ಚೀನಾ ಗಡಿಯ ದಲ್ಲಾಳಿಗಳಿಗೆ ದುಡ್ಡು ಸುರಿಯಬೇಡಿ, ಸಿಕ್ಕಿಬಿದ್ದರೆ ಏಟು ತಿನ್ನೋದು ಅಲ್ಲಿರೋ ನೆಂಟರು.

ರಕ್ತಸಂಬಂಧ ಹೊಂದಿಸಿ ನೋಡೋಕೆ ಡಿಎನ್‌ಎ ಕೊಡೋದಾದರೆ ಅಜ್ಜಿಯದೇ ಕೊಡಿಸಿ. ಮೊಮ್ಮಗಳದ್ದರಲ್ಲಿ ತಂಗಿಯ ಜೊತೆ ಹೊಂದಿಕೆ ಸುಮಾರು ಕಾಲು ಭಾಗಕ್ಕಿಳಿಯುತ್ತೆ.

ಗೋಕುಲಂ_ಮೂರನೇ_ಹಂತ:
ಅಜ್ಜಿ ಇದ್ದಾರೆ, ನೆನಪು ಮಸುಕು. ಫೋನಲ್ಲಿ ಏನು ಕೇಳಿಸಲಿ?

ಹಳೇ_ದಫ್ತರ:
ತಾರೀಖು ಕೇಳಿ ಸುಸ್ತು ಮಾಡಬೇಡಿ. ತಂಗೀನ ಮನೇಲಿ ಏನಂತ ಕರೀತಿದ್ದರು, ಅಣ್ಣತಮ್ಮಂದಿರ ಹೆಸರೇನು (ಒಂದು ಅಕ್ಷರ ಎಲ್ಲರಿಗೂ ಒಂದೇ ಇರುತ್ತೆ, ಬಹಳಷ್ಟು ಮನೆಗಳಲ್ಲಿ), ಮೈಮೇಲೆ ಮಚ್ಚೆ ಗಾಯ ಏನಿತ್ತು. ಕೊರಿಯನ್ ಭಾಷೇಲೇ ಕೇಳಿಸಿ, ರೆಕಾರ್ಡ್ ಮಾಡ್ಕೊಳ್ಳಿ. ಊರಿನ ಹೆಸರು ಅವರ ಬಾಯಲ್ಲಿ ಹೆಂಗೆ ಬರುತ್ತೋ ಹಂಗೇ ಇರಲಿ, ತಿದ್ದಬೇಡಿ.